ಟೈಮರ್ ಸರ್ಕ್ಯೂಟ್: ಐಸಿ ಬದಲಿಸುವ ಮೊದಲು ಪವರ್ ಸಪ್ಲೈ ನೋಡಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ವಿಜ್ಞಾನ ಪುರವಣಿಯಲ್ಲಿ ಇತ್ತೀಚೆಗೆ ಪ್ರಕಟವಾದ, 555 ಟೈಮರ್ ಐಸಿ (ನಿಗದಿತ ಕಾಲಕ್ಕೆ ಔಟ್‌ಪುಟ್ ಏರಿಳಿಸುವ ಚಿಪ್) ಬಳಸಿ ಮಿನುಗುವ ದೀಪ ಕಟ್ಟುವ ಲೇಖನವನ್ನು ಆಸಕ್ತಿಯಿಂದ ಓದಿದೆ. ಬರವಣಿಗೆ ಸರಳವಾಗಿತ್ತು, ಲೆಕ್ಕ ಸರಿಯಾಗಿತ್ತು, ಚಿತ್ರದಲ್ಲಿಯೂ ತಪ್ಪಿರಲಿಲ್ಲ. ಆದರೆ ಚಿತ್ರದ ಮೇಲ್ಭಾಗದಲ್ಲಿ ಒಂದು ಗೆರೆ ಎಳೆದು ‘+9 ವೋಲ್ಟ್’ ಎಂದು ಬರೆದು, ಕೆಳಭಾಗದಲ್ಲಿ ಇನ್ನೊಂದು ಗೆರೆ ಎಳೆದು ಗ್ರೌಂಡ್ ಗುರುತು ಹಾಕಿ, ಅಷ್ಟಕ್ಕೇ ಲೇಖಕರು ವಿದ್ಯುತ್ ಪೂರೈಕೆಯ ವಿಷಯವನ್ನು ಮುಗಿಸಿಬಿಟ್ಟಿದ್ದಾರೆ. ಹಲವು ವರ್ಷ ರಿಪೇರಿ ಮೇಜಿನ ಮುಂದೆ ಕೂತು, ವಿದ್ಯಾರ್ಥಿಗಳು ಕಟ್ಟಿ ತಂದ ಇಂಥ ಸರ್ಕ್ಯೂಟ್‌ಗಳನ್ನು ನೋಡುತ್ತ ಬಂದಿರುವ ನನಗೆ ಕಂಡಿರುವುದೇನೆಂದರೆ, ಟೈಮರ್ ಹೇಳಿದಂತೆ ಕೇಳದಿದ್ದಾಗ ದೋಷ ಬಹಳ ಸಲ ಆ ಎರಡು ಗೆರೆಗಳಲ್ಲಿಯೇ ಅಡಗಿರುತ್ತದೆ. ಕಟ್ಟಿದವರು ಮಾತ್ರ ಉಳಿದೆಲ್ಲ ಕಡೆ ಹುಡುಕಿ, ಒಳ್ಳೆಯ ಐಸಿಗಳನ್ನು ಕಸದ ಬುಟ್ಟಿಗೆ ಹಾಕಿ, ಕೊನೆಗೆ ಕೈಚೆಲ್ಲಿ ಬಂದಿರುತ್ತಾರೆ.

ಈ ದಾರಿ ತಪ್ಪುವಿಕೆಗೆ ಒಂದು ಸತ್ಯವಾದ ಮಾತೇ ಕಾರಣವಾಗಿರುವುದು ಸ್ವಾರಸ್ಯದ ಸಂಗತಿ. ತಾನಾಗಿಯೇ ಏರಿಳಿಯುತ್ತಿರುವ ಈ ಸರ್ಕ್ಯೂಟಿನ, ಅಂದರೆ ಆಸಿಲೇಟರಿನ, ಆವೃತ್ತಿ, ಅಂದರೆ ಅದು ಸೆಕೆಂಡಿಗೆ ಎಷ್ಟು ಸಲ ಮಿನುಗುತ್ತದೆ ಎಂಬುದು, ಪೂರೈಕೆಯ ವೋಲ್ಟೇಜನ್ನು ಅವಲಂಬಿಸಿಲ್ಲ ಎಂದು ಲೇಖನ ಹೇಳುತ್ತದೆ. ಪಠ್ಯಪುಸ್ತಕಗಳೂ ಅದನ್ನೇ ಹೇಳುತ್ತವೆ. ಹ್ಯಾನ್ಸ್ ಕ್ಯಾಮೆನ್‌ಜಿಂಡ್ ಅವರು 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ ವಿನ್ಯಾಸ ಮಾಡಿದ, 1972ರಲ್ಲಿ ಮಾರುಕಟ್ಟೆಗೆ ಬಂದ ಈ ಐಸಿಯ ಜಾಣತನ ಇರುವುದೇ ಅಲ್ಲಿ. ಒಳಗೆ ತಲಾ 5 ಕಿಲೋ ಓಂನ ಮೂರು ರೆಸಿಸ್ಟರ್‌ಗಳು ಸಾಲಾಗಿ ನಿಂತು ಪೂರೈಕೆಯ ವೋಲ್ಟೇಜನ್ನು ಮೂರು ಸಮಪಾಲು ಮಾಡುತ್ತವೆ. ವಿದ್ಯುತ್ತನ್ನು ಕೂಡಿಡುವ ಹೊರಗಿನ ಕೆಪಾಸಿಟರ್ ಮೂರರಲ್ಲಿ ಎರಡು ಪಾಲಿನ ತನಕ ತುಂಬಿದ ಕೂಡಲೇ ಔಟ್‌ಪುಟ್ ಇಳಿದು ಕೆಪಾಸಿಟರ್ ಖಾಲಿಯಾಗತೊಡಗುತ್ತದೆ. ಅದು ಒಂದು ಪಾಲಿಗೆ ಇಳಿದ ಕೂಡಲೇ ಔಟ್‌ಪುಟ್ ಏರಿ ಮತ್ತೆ ತುಂಬತೊಡಗುತ್ತದೆ. ಪೂರೈಕೆ ಹೆಚ್ಚಾದರೆ ಗಡಿಗಳೂ ಮೇಲೇರುತ್ತವೆ, ಕೆಪಾಸಿಟರ್ ತುಂಬುವ ರಭಸವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಹೀಗಾಗಿ ಕಾಲ ಬದಲಾಗುವುದಿಲ್ಲ. ಇದೆಲ್ಲ ಸರಿಯೇ. ಆದರೆ ಈ ಮಾತಿನ ಹಿಂದೆ, ಒಂದು ಸುತ್ತು ಮುಗಿಯುವಷ್ಟು ಹೊತ್ತು ಪೂರೈಕೆ ಅಲುಗಾಡದೆ ನಿಂತಿರಬೇಕು ಎಂಬ ಷರತ್ತೊಂದಿದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪೂರೈಕೆ 9 ವೋಲ್ಟ್ ಇರಲಿ, 12 ಇರಲಿ, ಐಸಿಗೆ ಚಿಂತೆಯಿಲ್ಲ. ಒಂದೇ ಸುತ್ತಿನೊಳಗೆ ಅದು 9ರಿಂದ 6ಕ್ಕೆ ಜಾರಿ ಮತ್ತೆ 9ಕ್ಕೆ ಹತ್ತಿದರೆ ಮಾತ್ರ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಕೆಲ ತಿಂಗಳ ಹಿಂದೆ ವಿದ್ಯಾರ್ಥಿಯೊಬ್ಬ ತಂದ ಸರ್ಕ್ಯೂಟಿನಲ್ಲಿ ಇದನ್ನು ಕಣ್ಣಾರೆ ನೋಡುವ ಅವಕಾಶ ಸಿಕ್ಕಿತು. ಮೊದಲ ರೆಸಿಸ್ಟರ್ 1 ಕಿಲೋ ಓಂ, ಎರಡನೆಯದು 68 ಕಿಲೋ ಓಂ, ಕೆಪಾಸಿಟರ್ 10 ಮೈಕ್ರೋಫ್ಯಾರಡ್. ಔಟ್‌ಪುಟ್‌ನಿಂದ ಗ್ರೌಂಡಿಗೆ ಆರು ಎಲ್‌ಇಡಿಗಳು, ಪ್ರತಿಯೊಂದಕ್ಕೂ ಒಂದೊಂದು ರೆಸಿಸ್ಟರ್. ಮೊದಲ ರೆಸಿಸ್ಟರಿಗೆ ಎರಡನೆಯದರ ಇಮ್ಮಡಿಯನ್ನು ಕೂಡಿಸಿ, ಕೆಪಾಸಿಟರಿನ ಮೌಲ್ಯದಿಂದ ಗುಣಿಸಿ, 1.44ನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು ಒಂದು ಸಲ ಮಿನುಗಬೇಕು. ಮಿನುಗುತ್ತಿದ್ದುದು ಹೆಚ್ಚುಕಡಿಮೆ ಎರಡು ಸಲ. “ಸರ್, ಮೂರು ಐಸಿ ಬದಲಾಯಿಸಿದೆ, ಕೆಪಾಸಿಟರ್ ಕೂಡ ಹೊಸದು” ಎಂದ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಮೌಲ್ಯ ಮೇಲೆ ಬರೆದದ್ದಕ್ಕಿಂತ ಶೇಕಡಾ 20ರಷ್ಟು ಆಚೀಚೆ ಇರುವುದು ಮಾಮೂಲು. ಆದರೆ ಆ ವ್ಯತ್ಯಾಸದಿಂದ ಆವೃತ್ತಿ ಇಮ್ಮಡಿಯಾಗದು. ಬ್ಯಾಟರಿಯನ್ನು ಬಿಚ್ಚಿ ಅಳೆದರೆ ಮೀಟರ್ 9 ವೋಲ್ಟ್ ತೋರಿಸಿತು, ಅವನೂ ಮನೆಯಲ್ಲಿ ಹಾಗೆಯೇ ಅಳೆದು ಬ್ಯಾಟರಿ ಸರಿಯಿದೆ ಎಂದು ತೀರ್ಮಾನಿಸಿದ್ದ. ನಾನು ಬ್ಯಾಟರಿಯನ್ನು ಮತ್ತೆ ಜೋಡಿಸಿ, ಹಳೆಯ ಮುಳ್ಳಿನ ಮೀಟರಿನ ಎರಡು ಕಡ್ಡಿಗಳನ್ನು ಐಸಿಯ 8ನೇ (ಪೂರೈಕೆಯ ಧನ) ಮತ್ತು 1ನೇ (ಗ್ರೌಂಡ್) ಪಿನ್‌ಗಳ ಮೇಲೆಯೇ ಇಟ್ಟು, ಅವನಿಗೆ ನೋಡಲು ಹೇಳಿದೆ. ದೀಪ ಹೊತ್ತಿದಾಗಲೆಲ್ಲ ಮುಳ್ಳು 6ರ ಕಡೆಗೆ ಬಾಗುತ್ತಿತ್ತು, ಆರಿದಾಗಲೆಲ್ಲ 9ರ ಕಡೆಗೆ ಮರಳುತ್ತಿತ್ತು. ದೀಪದ ತಾಳಕ್ಕೆ ಮುಳ್ಳು ಕುಣಿಯುತ್ತಿದ್ದುದನ್ನು ಕಂಡ ಮೇಲೆ ಅವನಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಓದುಗರಿಗಾಗಿ ಆ ಲೆಕ್ಕವನ್ನು ಇಲ್ಲಿ ಬಿಡಿಸುತ್ತೇನೆ, ಏಕೆಂದರೆ ಅದು ಅಚ್ಚರಿಪಡುವಷ್ಟು ಚೊಕ್ಕವಾಗಿ ಬರುತ್ತದೆ. ಪೂರೈಕೆ ಸ್ಥಿರವಾಗಿ 9 ವೋಲ್ಟ್ ಇದ್ದರೆ ಕೆಪಾಸಿಟರ್ 3 ಮತ್ತು 6 ವೋಲ್ಟ್‌ಗಳ ನಡುವೆ ಏರಿಳಿಯುತ್ತದೆ, ಏರಲು ಮತ್ತು ಇಳಿಯಲು ತಲಾ, ರೋಧ ಮತ್ತು ಕೆಪಾಸಿಟರ್‌ಗಳ ಗುಣಲಬ್ಧದ 0.69ರಷ್ಟು ಕಾಲ ತಗಲುತ್ತದೆ. ಈಗ ದೀಪ ಹೊತ್ತಿದ ತಕ್ಷಣ ಬಳಲಿದ ಬ್ಯಾಟರಿ 6 ವೋಲ್ಟ್‌ಗೆ ಕುಸಿಯಿತೆನ್ನಿ. ಮೇಲಿನ ಗಡಿ 6ರಿಂದ 4ಕ್ಕೆ ಇಳಿಯುತ್ತದೆ. ಆಗಲೇ 3 ವೋಲ್ಟ್‌ನಲ್ಲಿದ್ದ ಕೆಪಾಸಿಟರ್ ಕೇವಲ ಇನ್ನೊಂದು ವೋಲ್ಟ್ ಏರಿದರೆ ಸಾಕು, ಔಟ್‌ಪುಟ್ ಆರುತ್ತದೆ. ಅದಕ್ಕೆ ಬೇಕಾಗುವುದು ಅದೇ ಗುಣಲಬ್ಧದ 0.41ರಷ್ಟು ಕಾಲ. ದೀಪ ಆರಿದ ಕೂಡಲೇ ಬ್ಯಾಟರಿ ಚೇತರಿಸಿಕೊಂಡು 9ಕ್ಕೆ ಏರುತ್ತದೆ, ಕೆಳಗಿನ ಗಡಿ ಮತ್ತೆ 3 ವೋಲ್ಟ್ ಆಗುತ್ತದೆ, ಕೆಪಾಸಿಟರ್ 4ರಿಂದ 3ಕ್ಕೆ ಇಳಿಯಲು 0.29ರಷ್ಟು ಕಾಲ ಸಾಕಾಗುತ್ತದೆ. ಎರಡನ್ನೂ ಕೂಡಿಸಿದರೆ ಸಿಗುವುದು ಮೊದಲಿನ ಒಟ್ಟು ಕಾಲದ ಸರಿಯಾಗಿ ಅರ್ಧ, ಆವೃತ್ತಿ ಇಮ್ಮಡಿ. ಮೊದಲ ರೆಸಿಸ್ಟರ್ ಎರಡನೆಯದಕ್ಕಿಂತ ಬಹಳ ಚಿಕ್ಕದಿರುವುದರಿಂದ ಅದನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ವೋಲ್ಟೇಜನ್ನು ಅವಲಂಬಿಸಿಲ್ಲವೆಂದು ಹೆಸರಾದ ಸರ್ಕ್ಯೂಟ್, ಸುಸ್ತಾದ ಬ್ಯಾಟರಿಯೊಂದರಿಂದ ಲೆಕ್ಕಕ್ಕಿಂತ ಎರಡು ಪಟ್ಟು ವೇಗವಾಗಿ ಓಡುತ್ತಿತ್ತು. ಹೊಸ ಆಲ್ಕಲೈನ್ ಬ್ಯಾಟರಿ ಜೋಡಿಸಿದೆವು, ದೀಪ ಸೆಕೆಂಡಿಗೆ ಒಂದು ಸಲ ಮಿನುಗಿತು. ಮೊದಲು ತೆಗೆದಿಟ್ಟಿದ್ದ ಮೂರು ಐಸಿಗಳನ್ನೂ ಒಂದೊಂದಾಗಿ ಹಾಕಿ ನೋಡಿದೆವು, ಮೂರೂ ಚೆನ್ನಾಗಿದ್ದವು.

ಆದ್ದರಿಂದ ಅಳತೆಯ ಕ್ರಮದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳುವುದು ಅಗತ್ಯ. ಸರ್ಕ್ಯೂಟ್ ಓಡುತ್ತಿರುವಾಗ, ಅದು ಹೊರಬೇಕಾದ ದೀಪ, ಸ್ಪೀಕರ್ ಅಥವಾ ರಿಲೇಯನ್ನು (ಸುರುಳಿಯಿಂದ ಓಡುವ ವಿದ್ಯುತ್ ಸ್ವಿಚ್) ಹೊತ್ತಿರುವಾಗಲೇ ಅಳೆಯಬೇಕು. ಕಪ್ಪು ಕಡ್ಡಿ ಬ್ಯಾಟರಿಯ ಋಣ ತುದಿಯ ಮೇಲಲ್ಲ, ಐಸಿಯ 1ನೇ ಪಿನ್ನಿನ ಮೇಲಿರಬೇಕು. ಕೆಂಪು ಕಡ್ಡಿ 8ನೇ ಪಿನ್ನಿನ ಮೇಲಿರಬೇಕು. ಅನಂತರ ಅದೇ ಸ್ಥಿತಿಯಲ್ಲಿ ಬ್ಯಾಟರಿಯ ತುದಿಗಳನ್ನೂ ಅಳೆದು ನೋಡಿದರೆ, ಎರಡು ಅಳತೆಗಳ ನಡುವಿನ ವ್ಯತ್ಯಾಸವು ತಂತಿ, ಸ್ವಿಚ್, ಜೋಡಣೆಗಳು ನುಂಗಿದ ವೋಲ್ಟೇಜನ್ನು ತೋರಿಸುತ್ತದೆ. ಬ್ಯಾಟರಿಯ ಬಳಿಯೇ ಕುಸಿತವಿದ್ದರೆ ತಪ್ಪು ಬ್ಯಾಟರಿಯದು. ಬ್ಯಾಟರಿಯಲ್ಲಿ ಸರಿಯಿದ್ದು ಐಸಿಯಲ್ಲಿ ಕಡಿಮೆಯಿದ್ದರೆ ತಪ್ಪು ದಾರಿಯದು. ಬಳಿಕ ಮೇಲಿನ ಗಡಿಯ ವೋಲ್ಟೇಜ್ ಸಿಗುವ 5ನೇ ಪಿನ್ನನ್ನು ಅಳೆಯಬಹುದು. ಅಲ್ಲಿಗೆ ಹೊರಗಿನಿಂದ ಕೆಪಾಸಿಟರ್ ಬಿಟ್ಟು ಬೇರೇನೂ ಜೋಡಿಸಿಲ್ಲದಿದ್ದರೆ 8ನೇ ಪಿನ್ನಿನ ಮೂರರಲ್ಲಿ ಎರಡು ಪಾಲು, ಅಂದರೆ 9ಕ್ಕೆ 6 ವೋಲ್ಟ್, ಸಿಗಬೇಕು. 8ನೇ ಪಿನ್ನಿನಲ್ಲಿ ಸ್ಥಿರವಾದ 9 ಇದ್ದೂ 5ನೆಯದರಲ್ಲಿ 6ರ ಸುಳಿವೇ ಇಲ್ಲದಿದ್ದಾಗ ಐಸಿಯನ್ನು ಅನುಮಾನಿಸಿದರೆ ಅದಕ್ಕೊಂದು ಅರ್ಥವಿದೆ.

ಬೆಸುಗೆಯಿಲ್ಲದೆ ತೂತುಗಳಿಗೆ ಸಿಕ್ಕಿಸಿ ಸರ್ಕ್ಯೂಟ್ ಕಟ್ಟುವ ಬ್ರೆಡ್‌ಬೋರ್ಡಿನ ಬಗ್ಗೆ ಇಲ್ಲಿ ಒಂದು ಮಾತು. ಉದ್ದನೆಯ ಬ್ರೆಡ್‌ಬೋರ್ಡ್‌ಗಳಲ್ಲಿ ಅಂಚಿನ ಪೂರೈಕೆಯ ಸಾಲು ಅನೇಕ ಸಲ ನಟ್ಟನಡುವೆ ತುಂಡಾಗಿರುತ್ತದೆ, ಒಂದು ತುದಿಗೆ ಕೊಟ್ಟ ವಿದ್ಯುತ್ ಇನ್ನೊಂದು ಅರ್ಧವನ್ನು ಮುಟ್ಟುವುದೇ ಇಲ್ಲ. ಕೆಂಪು-ನೀಲಿ ಗೆರೆ ನಡುವೆ ಮುರಿದಿದೆಯೇ ಎಂದು ನೋಡಿದರೆ ಗೊತ್ತಾಗುತ್ತದೆ; ಗೆರೆಯನ್ನೂ ನಂಬದೆ ಮೀಟರಿನಿಂದ ನೋಡಿದರೆ ಇನ್ನೂ ಒಳ್ಳೆಯದು. ಐಸಿಗೆ ವಿದ್ಯುತ್ತೇ ಸಿಗದೆ ಸರ್ಕ್ಯೂಟ್ ಸತ್ತಂತೆ ಬಿದ್ದಿರುವಾಗ ರೆಸಿಸ್ಟರಿನ ಬಣ್ಣದ ಪಟ್ಟಿಗಳನ್ನು ಎಣಿಸುತ್ತ ಕೂತವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ, ಒಮ್ಮೆ ಹಾಗೆ ಕೂತವನು ನಾನೇ ಆಗಿದ್ದೆ.

ಮೀಟರಿಗೆ ಕಾಣದ ಕುಸಿತವೂ ಒಂದಿದೆ. ಮೂಲ ಬೈಪೋಲಾರ್ (ಹಳೆಯ ಬಗೆಯ ಟ್ರಾನ್ಸಿಸ್ಟರ್‌ಗಳಿಂದ ಮಾಡಿದ) 555ರ ಔಟ್‌ಪುಟ್‌ನಲ್ಲಿ ಒಂದರ ಮೇಲೊಂದು ನಿಂತ ಟ್ರಾನ್ಸಿಸ್ಟರ್‌ಗಳಿವೆ. ಔಟ್‌ಪುಟ್ ಮೇಲಿಂದ ಕೆಳಕ್ಕೋ ಕೆಳಗಿಂದ ಮೇಲಕ್ಕೋ ಬದಲಾಗುವ ಕ್ಷಣದಲ್ಲಿ ಒಂದು ಪೂರ್ತಿ ಮುಚ್ಚುವ ಮೊದಲೇ ಇನ್ನೊಂದು ತೆರೆದುಕೊಳ್ಳುತ್ತದೆ. ಆ ಅತ್ಯಲ್ಪ ಹೊತ್ತು ಪೂರೈಕೆಯಿಂದ ಗ್ರೌಂಡಿಗೆ ನೇರ ದಾರಿ ತೆರೆದಂತಾಗಿ, ಸುಮ್ಮನಿರುವಾಗ 5 ವೋಲ್ಟ್‌ನಲ್ಲಿ ಸುಮಾರು 3 ಮಿಲಿಆಂಪಿಯರ್ ಮಾತ್ರ ಎಳೆಯುವ ಐಸಿ ನೂರಾರು ಮಿಲಿಆಂಪಿಯರ್‌ಗಳನ್ನು ಗಬಕ್ಕನೆ ಎಳೆದುಬಿಡುತ್ತದೆ. ಸರಾಸರಿಯನ್ನಷ್ಟೇ ತೋರಿಸುವ ಮಲ್ಟಿಮೀಟರಿಗೆ ಇದರ ಪರಿವೆಯೇ ಇರುವುದಿಲ್ಲ, ಆಸಿಲೋಸ್ಕೋಪಿನಲ್ಲಿ ಮಾತ್ರ ಸೂಜಿಯಂಥ ಗೀರುಗಳಾಗಿ ಕಾಣುತ್ತದೆ. ಪೂರೈಕೆಯ ತಂತಿ ಉದ್ದವಾಗಿದ್ದರೆ ಈ ಗೀರುಗಳು ಪಕ್ಕದ ಲಾಜಿಕ್ ಐಸಿಗಳಿಗೆ ಸುಳ್ಳು ಎಣಿಕೆ ಕೊಡುತ್ತವೆ, ಎರಡನೇ ಟೈಮರ್ ಇದ್ದರೆ ಅದನ್ನು ಹೊತ್ತಿಗೆ ಮುಂಚೆ ತಿರುಗಿಸುತ್ತವೆ. ಕೌಂಟರ್ ಒಂದರ ಬದಲು ಎರಡು ಎಣಿಸುತ್ತಿದೆ ಎಂಬ ದೂರು ಬಂದಾಗ ನಾನು ಮೊದಲು ನೋಡುವುದು 8ನೇ ಪಿನ್ನಿನ ಪಕ್ಕದಲ್ಲಿ ಕೆಪಾಸಿಟರ್ ಇದೆಯೇ ಎಂಬುದನ್ನು. 0.1 ಮೈಕ್ರೋಫ್ಯಾರಡ್‌ನ ಸೆರಾಮಿಕ್ ಕೆಪಾಸಿಟರನ್ನು 8 ಮತ್ತು 1ನೇ ಪಿನ್‌ಗಳಿಗೆ ಸಾಧ್ಯವಾದಷ್ಟು ಅಂಟಿದಂತೆ, ಕಾಲುಗಳನ್ನು ಗಿಡ್ಡ ಮಾಡಿ ಬೆಸುಗೆ ಹಾಕಬೇಕು. ಅದರ ಜೊತೆಗೆ 100 ಮೈಕ್ರೋಫ್ಯಾರಡ್‌ನ ಎಲೆಕ್ಟ್ರೊಲಿಟಿಕ್ ಒಂದನ್ನು ಧನ-ಋಣ ನೋಡಿ ಜೋಡಿಸಬೇಕು. 5ನೇ ಪಿನ್ನಿನಿಂದ ಗ್ರೌಂಡಿಗೆ 0.01 ಮೈಕ್ರೋಫ್ಯಾರಡ್ ಹಾಕಬೇಕು. ಸೆರಾಮಿಕ್ ಕೆಪಾಸಿಟರನ್ನು ಬ್ಯಾಟರಿಯ ಹತ್ತಿರ ಹಾಕಿ ತೃಪ್ತಿಪಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ನಡುವಿನ ತಂತಿಯೇ ಇಲ್ಲಿ ತೊಂದರೆಯ ಮೂಲ.

ಹಾಗೆಂದು ಕೆಪಾಸಿಟರ್ ಎಲ್ಲ ರೋಗಕ್ಕೂ ಮದ್ದಲ್ಲ. ಮೇಲೆ ಹೇಳಿದ ಮಿನುಗುವ ದೀಪಕ್ಕೆ 50 ಮಿಲಿಆಂಪಿಯರ್ ಬೇಕೆಂದೂ, ಅದು ಅರ್ಧ ಸೆಕೆಂಡು ಹೊತ್ತಿರುತ್ತದೆಂದೂ ಇಟ್ಟುಕೊಳ್ಳಿ; ಅಷ್ಟು ಹೊತ್ತು ವೋಲ್ಟೇಜ್ ಒಂದು ವೋಲ್ಟ್‌ಗಿಂತ ಹೆಚ್ಚು ಇಳಿಯದಂತೆ ಕೆಪಾಸಿಟರ್ ಒಂದೇ ಹಿಡಿದು ನಿಲ್ಲಿಸಬೇಕಾದರೆ ಅದರ ಮೌಲ್ಯ 25,000 ಮೈಕ್ರೋಫ್ಯಾರಡ್ ಇರಬೇಕಾಗುತ್ತದೆ. ಅಲ್ಲಿ ಬೇಕಾದದ್ದು ಒಳ್ಳೆಯ ಬ್ಯಾಟರಿ.

ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಹಳೆಯ ಮಾದರಿಯ ಅಡಾಪ್ಟರ್‌ಗಳ ತೊಂದರೆ ಇದಕ್ಕೆ ತದ್ವಿರುದ್ಧ. ಒಳಗೆ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ಒಂದು ಕೆಪಾಸಿಟರ್ ಬಿಟ್ಟರೆ ಬೇರೇನೂ ಇಲ್ಲದ, ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರ್ ಇಲ್ಲದ ಅಡಾಪ್ಟರಿನ ಮೇಲೆ 12 ವೋಲ್ಟ್ ಎಂದು ಬರೆದಿದ್ದರೆ ಅದು ಪೂರ್ಣ ಹೊರೆ ಇರುವಾಗಿನ ಮಾತು. ಹೊರೆ ಹಗುರವಾಗಿದ್ದಾಗ ಕೆಪಾಸಿಟರ್ ಎಸಿ ಅಲೆಯ ಶಿಖರದ ತನಕ ತುಂಬಿಕೊಳ್ಳುವುದರಿಂದ 16–17 ವೋಲ್ಟ್ ಸಿಕ್ಕರೂ ಆಶ್ಚರ್ಯವಿಲ್ಲ. ಸಾಮಾನ್ಯ 555ಕ್ಕೆ ಹೇಳಿರುವ ವ್ಯಾಪ್ತಿ 4.5ರಿಂದ 16 ವೋಲ್ಟ್. ಒಂದು ಟೈಮರ್, ಒಂದು ಎಲ್‌ಇಡಿ ಎಳೆಯುವ ಹತ್ತಿಪ್ಪತ್ತು ಮಿಲಿಆಂಪಿಯರ್ ಅಂಥ ಅಡಾಪ್ಟರಿಗೆ ಹೊರೆಯೇ ಅಲ್ಲ, ಐಸಿ ಬಿಸಿಯಾಗಿ ಸಾಯಬಹುದು, ತಂದವರು ಐಸಿಯ ಗುಣಮಟ್ಟವನ್ನು ಶಪಿಸುತ್ತಾರೆ. ಇನ್ನು ಹೊರೆ ಹೆಚ್ಚಿದಾಗ ಅದೇ ಅಡಾಪ್ಟರಿನಲ್ಲಿ ಅಲೆ ಏಳುತ್ತದೆ: 50 ಹರ್ಟ್ಸ್ ಪೂರೈಕೆಯಲ್ಲಿ ಕೆಪಾಸಿಟರ್ ಸೆಕೆಂಡಿಗೆ 100 ಸಲ ತುಂಬುತ್ತದೆ, 1000 ಮೈಕ್ರೋಫ್ಯಾರಡ್ ಇದ್ದು 100 ಮಿಲಿಆಂಪಿಯರ್ ಎಳೆದರೆ ಒಂದೊಂದು ತುಂಬುವಿಕೆಯ ನಡುವೆ ಸುಮಾರು 1 ವೋಲ್ಟ್ ಏರಿಳಿತ ಉಳಿಯುತ್ತದೆ. ಸದ್ದು ಮಾಡುವ ಆಸಿಲೇಟರಿನಲ್ಲಿ ಇದು ಗಂಟಲು ಕಟ್ಟಿದವರ ದನಿಯಂತೆ ಒರಟಾಗಿ ಕೇಳುತ್ತದೆ. ನಡುವೆ 9 ವೋಲ್ಟ್ ಕೊಡುವ ಒಂದು 7809 ರೆಗ್ಯುಲೇಟರ್ ಹಾಕಿದರೆ ಎರಡೂ ತೊಂದರೆ ತೀರುತ್ತವೆ. ಆದರೆ ಅದಕ್ಕೆ ಒಳಬರುವ ವೋಲ್ಟೇಜ್ ಅಲೆಯ ತಗ್ಗಿನಲ್ಲಿಯೂ 11ಕ್ಕಿಂತ ಕೆಳಗಿಳಿಯಬಾರದು.

ಮೊಬೈಲ್ ಚಾರ್ಜರಿನ 5 ವೋಲ್ಟ್ ಬಳಸುವವರು ಈಗ ಹೆಚ್ಚು. ಐಸಿ ಓಡುತ್ತದೆ, ಆದರೆ ಸಣ್ಣ ಕೇಬಲ್ಲಿನಲ್ಲಿ ಅರ್ಧ ವೋಲ್ಟ್ ಕಳೆದುಹೋದರೂ ಅದು ಕನಿಷ್ಠ ಮಿತಿಯ ಅಂಚಿನಲ್ಲಿ ನಿಲ್ಲುತ್ತದೆ. ಮೇಲಾಗಿ ಬೈಪೋಲಾರ್ 555ರ ಔಟ್‌ಪುಟ್ ಏರಿದಾಗಲೂ ಪೂರೈಕೆಗಿಂತ ಒಂದೂವರೆ ವೋಲ್ಟ್‌ನಷ್ಟು ಕೆಳಗೇ ಇರುವುದರಿಂದ 5 ವೋಲ್ಟ್ ರಿಲೇ ಕಚ್ಚದಿರುವುದು ಸಹಜ. ಪವರ್ ಬ್ಯಾಂಕ್ ಜೋಡಿಸಿದವರ ಗೋಳು ಇನ್ನೂ ವಿಚಿತ್ರ: ಸರ್ಕ್ಯೂಟ್ ಅರ್ಧ ನಿಮಿಷ ಚೆನ್ನಾಗಿ ಓಡಿ ತಾನಾಗಿಯೇ ನಿಂತುಬಿಡುತ್ತದೆ. ಎಳೆಯುವ ಕರೆಂಟ್ ತೀರಾ ಕಡಿಮೆಯಾದಾಗ, ಫೋನ್ ತುಂಬಿತೆಂದು ಭಾವಿಸಿ ಅನೇಕ ಪವರ್ ಬ್ಯಾಂಕ್‌ಗಳು ತಮ್ಮನ್ನು ತಾವೇ ಆರಿಸಿಕೊಳ್ಳುತ್ತವೆ. ಅಲ್ಲಿ ಟೈಮರಿನ ತಪ್ಪು ಏನೂ ಇಲ್ಲ.

ರಿಲೇ ಬಳಸುವವರು ಅದರ ಸುರುಳಿಗೆ ಅಡ್ಡಲಾಗಿ 1ಎನ್4007ನಂಥ ಒಂದು ಡಯೋಡನ್ನು, ಅದರ ಪಟ್ಟಿ ಧನ ತುದಿಯ ಕಡೆಗೆ ಬರುವಂತೆ, ಹಾಕದೇ ಇರಕೂಡದು. ಸುರುಳಿ ಬಿಡುವಾಗ ಏಳುವ ಹಿಮ್ಮುಖ ವೋಲ್ಟೇಜ್ ಟೈಮರನ್ನು ದಿಕ್ಕುತಪ್ಪಿಸುತ್ತದೆ, ಒಮ್ಮೊಮ್ಮೆ ಕೊಂದೂಬಿಡುತ್ತದೆ. ವೇಗ ಹೊಂದಿಸಲೆಂದು ಪೂರೈಕೆ ಮತ್ತು 7ನೇ ಪಿನ್ನಿನ ನಡುವಿನ ಮೊದಲ ರೆಸಿಸ್ಟರಿನ ಜಾಗದಲ್ಲಿ ಬರಿಯ ವಾಲ್ಯೂಮ್ ಕಂಟ್ರೋಲ್ ಹಾಕುವವರೂ ಇದ್ದಾರೆ. ಅದನ್ನು ಸೊನ್ನೆಗೆ ತಿರುಗಿಸಿದರೆ, ಕೆಪಾಸಿಟರ್ ಖಾಲಿಯಾಗುವ ಹೊತ್ತಿನಲ್ಲಿ 7ನೇ ಪಿನ್ನು ಪೂರೈಕೆಯನ್ನು ನೇರವಾಗಿ ಗ್ರೌಂಡಿಗೆ ಎಳೆಯುತ್ತದೆ. ನೋಡುವವರಿಗೆ ಇದು ಬ್ಯಾಟರಿಯ ದೋಷವೆಂದೇ ತೋರುತ್ತದೆ. 1 ಕಿಲೋ ಓಂನ ಸ್ಥಿರ ರೆಸಿಸ್ಟರೊಂದು ಅದರ ಜೊತೆಗೆ ಸಾಲಾಗಿ ಇರಲೇಬೇಕು.

ಪೂರೈಕೆಯ ಮೇಲೆ ಸುಳ್ಳು ಆರೋಪ ಬರುವ ಒಂದು ಸಂದರ್ಭವನ್ನೂ ಹೇಳದಿದ್ದರೆ ನ್ಯಾಯವಾಗದು. ಸ್ವಿಚ್ ಹಾಕಿದ ಮೇಲೆ ಮೊದಲ ಸಲ ದೀಪ ಉಳಿದ ಸಲಗಳಿಗಿಂತ ಹೆಚ್ಚು ಹೊತ್ತು ಬೆಳಗುತ್ತದೆ. ಕೆಪಾಸಿಟರ್ ಆಗ ಮೂರನೇ ಒಂದು ಪಾಲಿನಿಂದಲ್ಲ, ಸೊನ್ನೆಯಿಂದ ತುಂಬಬೇಕಾಗಿರುವುದರಿಂದ 0.69ರ ಬದಲು 1.1ರಷ್ಟು ಕಾಲ ಹಿಡಿಯುತ್ತದೆ. ಅದು ದೋಷವಲ್ಲ.

ಬೈಪೋಲಾರ್ ಬದಲು ಕಡಿಮೆ ವಿದ್ಯುತ್ ಸಾಕಾಗುವ ಸಿಮಾಸ್ ಮಾದರಿಯ 555 ಹಾಕಿದರೆ ಈ ಗೊಡವೆಯೇ ಇಲ್ಲವಲ್ಲ ಎಂದು ಕೆಲವರು ಹೇಳಬಹುದು. ಅವು 2 ವೋಲ್ಟ್‌ನಿಂದಲೇ ಓಡುತ್ತವೆ, ಬದಲಾಗುವ ಕ್ಷಣದ ಗೀರುಗಳೂ ಬಹಳ ಸಣ್ಣವು ಎಂಬುದು ನಿಜ. ಆದರೆ ಬೈಪೋಲಾರ್ ಐಸಿಯಂತೆ 200 ಮಿಲಿಆಂಪಿಯರ್ ಹೊರಕ್ಕೆ ಕೊಡುವ ತಾಕತ್ತು ಅವಕ್ಕಿಲ್ಲ. ಅಲ್ಲದೆ ಬಳಲಿದ ಬ್ಯಾಟರಿಯ ಕುಸಿತ ಅವುಗಳ ಗಡಿಗಳನ್ನೂ ಹಾಗೆಯೇ ಎಳೆದಾಡುತ್ತದೆ. ಮೂರು ಪಾಲು ಮಾಡುವ ಪದ್ಧತಿ ಅಲ್ಲಿಯೂ ಅದೇ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದೆ ಇಂಥ ಸರ್ಕ್ಯೂಟ್‌ಗಳನ್ನು ಪ್ರಕಟಿಸುವಾಗ 8ನೇ ಪಿನ್ನಿನ ಪಕ್ಕದ ಎರಡು ಕೆಪಾಸಿಟರ್‌ಗಳನ್ನು ಚಿತ್ರದಲ್ಲಿಯೇ ಬಿಡಿಸಬೇಕು, ಸರ್ಕ್ಯೂಟ್ ಒಟ್ಟು ಎಷ್ಟು ಮಿಲಿಆಂಪಿಯರ್ ಎಳೆಯುತ್ತದೆ ಎಂಬುದನ್ನು ಬರೆಯಬೇಕು, ಓಡುತ್ತಿರುವಾಗ 8ನೇ ಮತ್ತು 5ನೇ ಪಿನ್‌ಗಳಲ್ಲಿ ಎಷ್ಟು ವೋಲ್ಟ್ ಸಿಗಬೇಕೆಂಬುದನ್ನು ಚಿತ್ರದ ಅಡಿಯಲ್ಲಿ ಒಂದು ಸಾಲಾಗಿ ಅಚ್ಚು ಹಾಕಬೇಕು. ಈಗಾಗಲೇ ಪ್ರಕಟವಾಗಿರುವ ಚಿತ್ರಕ್ಕೆ ಮುಂದಿನ ಸಂಚಿಕೆಯಲ್ಲಿ ಈ ಸಾಲನ್ನು ಸೇರಿಸುವುದಾದರೆ, 9 ವೋಲ್ಟ್ ಪೂರೈಕೆಗೆ 8ನೇ ಪಿನ್ನಿನಲ್ಲಿ 9, 5ನೇ ಪಿನ್ನಿನಲ್ಲಿ 6, ದೀಪ ಹೊತ್ತಿದಾಗಲೂ ಆರಿದಾಗಲೂ ಇವೆರಡು ಅಳತೆಗಳು ಹೆಚ್ಚು ಅಲುಗಾಡಬಾರದು ಎಂದಿದ್ದರೆ ಸಾಕು.

ಇತಿ,
ತಮ್ಮ ಪತ್ರಿಕೆಯ ಓದುಗ,
ಎಲೆಕ್ಟ್ರಾನಿಕ್ಸ್ ರಿಪೇರಿ ಕೆಲಸಗಾರ